ಕಲಗಚ್ಚಿನ ಬಾನಿಯಲ್ಲಿ ಮೆಕ್ಸಿಕೋ ಮೀನು

ನಾನೊಂದು ಕಲ್ಲುಬಾನಿ. ದನಗಳಿಗೆ ನೀರು, ಕಲಗಚ್ಚು ಹುಯ್ಯುವ ಕಲ್ಲಿನ ತೊಟ್ಟಿ. ಕಲಗಚ್ಚು ಅಂದರೆ ಅಕ್ಕಿ ತೊಳೆದ ನೀರು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ದಿನವೂ ಅಕ್ಕಿ ತೊಳೆಯುತ್ತಾರೆ, ಆ ನೀರಿಗೊಂದು ಹೆಸರಿದೆ ಅನ್ನುವುದು ಗೊತ್ತಿಲ್ಲ. ನನಗೆ ಮನುಷ್ಯರ ಮೇಲೆ ಗೌರವ ಕಡಿಮೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಬಾನಿಗೆ ಎಷ್ಟು ಸೊಕ್ಕು ಅಂತ ಮೂಗು ಮುರಿಯಬೇಡಿ. ಸೊಕ್ಕಿದೆ. ಕಲ್ಲಾಗಿ ಹುಟ್ಟಿದ ಮೇಲೆ ಅಷ್ಟೂ ಬೇಡವೇ?

ನಾನು ಹುಟ್ಟಿದ್ದು ಮೈಸೂರಿನ ಹೊರಗಿದ್ದ ಒಂದು ಕಲ್ಲುಗಣಿಯಲ್ಲಿ. ಕೆತ್ತಿದವನು ಮುನಿಯಬೋವಿ. ಕೈಕೆಲಸ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ನನ್ನ ಹೊಟ್ಟೆ ತೋಡಿ ಮುಗಿಸಿ ಅಂಚು ನುಣುಪು ಮಾಡುವ ದಿನ ಅವನ ಹೆಂಡತಿ ಬುತ್ತಿ ತರುವುದು ತಡವಾಯಿತು. ಅವಳ ಮುಂದೆ ಬಾಯಿ ಬಿಡುವ ಧೈರ್ಯ ಆ ಮಹಾಶಯನಿಗಿರಲಿಲ್ಲ. ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡ. ಅಂಚಿನ ಒಂದು ಮೂಲೆ ಚಕ್ಕೆಯೆದ್ದು ಹಾರಿಹೋಯಿತು. "ದನಕ್ಕೆ ಇಷ್ಟು ಸಾಕು ಬಿಡು" ಅಂದು ಮುದ್ದೆ ಉಣ್ಣಲು ಕೂತ. ಮನುಷ್ಯರ ಬಗ್ಗೆ ನಾನು ಕಲಿತ ಮೊದಲ ಪಾಠ ಅದು.

ಹಾಲು ಮಾರುವ ಕೆಂಪನಂಜಮ್ಮ ನನ್ನನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದಳು. ಆ ಕಾಲ ಚೆನ್ನಾಗಿತ್ತು. ದನಗಳು ಬರುತ್ತಿದ್ದವು, ಮೂತಿ ಇಟ್ಟು ನೀರು ಹೀರಿ ಹೋಗುತ್ತಿದ್ದವು. ಭಾಷಣ ಇಲ್ಲ, ಬಡಾಯಿ ಇಲ್ಲ. ನನ್ನ ಒಳಮೈಗೆ ಹಸಿರು ಪಾಚಿ ಕಟ್ಟಿತ್ತು. ಸೊಸೆಯಂದಿರು ತೆಂಗಿನ ನಾರು ಹಿಡಿದು ಉಜ್ಜಲು ಬಂದರೆ ಕೆಂಪನಂಜಮ್ಮ ಗದರುತ್ತಿದ್ದಳು. "ಬಿಡ್ರೇ ಅದನ್ನ, ನೀರು ತಣ್ಣಗಿರತ್ತೆ." ಓದು ಬಾರದ ಹೆಂಗಸು. ನನ್ನ ಯಜಮಾನರಲ್ಲಿ ನಾನು ಬಾಯಿತುಂಬ ಬೈಯದೆ ಇರುವುದು ಅವಳೊಬ್ಬಳನ್ನೇ.

ಅವಳು ಸತ್ತಳು. ಊರು ಬೆಳೆದು ಕೊಟ್ಟಿಗೆಯ ತನಕ ಬಂತು, ದನಗಳು ಹೋದವು. ನನ್ನನ್ನು ಒಂದು ಕಲ್ಯಾಣ ಮಂಟಪದವರು ಒಯ್ದು ಬಾಗಿಲಲ್ಲಿ ಇಟ್ಟರು. ನೀರಿನ ಮೇಲೆ ಗುಲಾಬಿ ಪಕಳೆ ಹರಡಿ, "ಅಬ್ಬಾ, ಎಂಥ ಹಳೇ ಕಾಲದ ವಸ್ತು!" ಅಂತ ಬೀಗರು ನನ್ನ ಪಕ್ಕ ನಿಂತು ಫೋಟೋ ಹಿಡಿಸಿಕೊಳ್ಳುತ್ತಿದ್ದರು. ಫೋಟೋ ಆದ ಮೇಲೆ ಅದೇ ಬೀಗರು ಎಲೆಅಡಿಕೆ ಉಗಿಯುತ್ತಿದ್ದದ್ದೂ ನನ್ನೊಳಗೇ. ಥೂ. ಎಮ್ಮೆ ಕೂಡ ನನ್ನಲ್ಲಿ ಉಗಿದಿರಲಿಲ್ಲ.

ಅಲ್ಲಿಂದ ನನ್ನನ್ನು ಬಿಡಿಸಿಕೊಂಡು ಬಂದವರು ರೇವಣಾರಾಧ್ಯರು. ನಾನು ಹೇಳಬೇಕಾದ ಕಥೆ ಇವರದ್ದೇ.

ಆರಾಧ್ಯರಿಗೆ ಮಾರ್ಕೆಟ್ಟಿನ ಹತ್ತಿರ ಕನ್ನಡಕದ ಅಂಗಡಿ. ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವವರು, ತಮ್ಮ ಕನ್ನಡಕವನ್ನು ಮಾತ್ರ ಸದಾ ಹಣೆಯ ಮೇಲೆ ಏರಿಸಿಕೊಂಡಿರುತ್ತಿದ್ದರು. ಅದರ ಜೊತೆಗೆ ಊರಿನ ಬಣ್ಣದ ಮೀನು ಸಾಕುವವರ ಸಂಘಕ್ಕೆ ಅಧ್ಯಕ್ಷರು. ಭಾನುವಾರ ಇವರ ಮನೆಯಲ್ಲಿ ಸಭೆ. ಸಭೆ ಅಂದರೆ ಇವರ ಹೆಂಡತಿ ಗಿರಿಜಾಂಬ ಉಪ್ಪಿಟ್ಟು, ಕೇಸರಿಬಾತು ಮಾಡುವುದು, ಹತ್ತಾರು ಗಂಡಸರು ಅದನ್ನು ತಿನ್ನುತ್ತ ಮೀನಿನ ಬಗ್ಗೆ ಒಬ್ಬರ ಮಾತು ಒಬ್ಬರು ಕೇಳದ ಹಾಗೆ ಮಾತಾಡುವುದು. ನನ್ನನ್ನು ನಡುಮನೆಯ ಕಿಟಕಿಯ ಕೆಳಗೆ, ಅಂಗಳದಲ್ಲಿ ಇರಿಸಿದರು. ಹಾಗಾಗಿ ಒಳಗಿನ ಮಾತು, ನೋಟ ಎರಡೂ ನನಗೆ ಸಿಗುತ್ತಿದ್ದವು. ಬೇಡ ಅಂದರೆ ಮುಚ್ಚಿಕೊಳ್ಳಲು ನನಗೆ ಕಿವಿಯ ಬಾಗಿಲಿಲ್ಲ.

ನನ್ನೊಳಗೆ ತಾವರೆ ಬೆಳೆಸುತ್ತೇನೆ ಅಂದರು. ತಾವರೆ ಕೊಳೆಯಿತು, ನೀರು ನಿಂತು ಸೊಳ್ಳೆ ಮರಿಯಾಯಿತು. ಡೆಂಗೆ ಜ್ವರದ ಕಾಲದಲ್ಲಿ ಮನೆಮನೆ ನೋಡಿಕೊಂಡು ಬರುವ ಆರೋಗ್ಯ ಇಲಾಖೆಯ ಹೆಂಗಸು ನನ್ನೊಳಗೆ ಬ್ಯಾಟರಿ ಬಿಟ್ಟು ನೋಡಿ, "ಏನ್ ಸಾರ್, ಸೊಳ್ಳೆ ಸಾಕಿದೀರಾ?" ಅಂತ ನಾಲ್ಕು ಜನರ ಮುಂದೆ ಕೇಳಿಬಿಟ್ಟಳು. ಅವತ್ತು ಅಧ್ಯಕ್ಷರ ಮುಖ ನೋಡಬೇಕಿತ್ತು ನೀವು.

ಈಗ ಮೀನಿನ ವಿಷಯಕ್ಕೆ ಬರುತ್ತೇನೆ.

ಸಂಘದಲ್ಲಿ ಇನ್ನಾಸಪ್ಪ ಅಂತ ಒಬ್ಬರು ಡ್ರಿಲ್ ಮೇಷ್ಟ್ರಿದ್ದರು. ಸಭೆಗೆ ಬಂದರೂ ಬಾಯಿ ಬಿಡುವವರಲ್ಲ. ಅವರ ಹತ್ತಿರ ಮೆಕ್ಸಿಕೋ ದೇಶದ ಒಂದು ಮೀನಿತ್ತು. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುವ ಜಾತಿ. ಅಲ್ಲಿನ ಒಂದು ಬೆಟ್ಟದ ಬಳಿಯ ತಣ್ಣನೆಯ ಬುಗ್ಗೆ ನೀರಿನ ಮೀನಂತೆ. ಅಲ್ಲಿ ಅದು ಒಂದು ಸಲ ಪೂರ್ತಿ ಅಳಿದೇ ಹೋಗಿತ್ತಂತೆ, ಎಲ್ಲೆಲ್ಲೋ ಸಾಕಿಕೊಂಡಿದ್ದವರ ತೊಟ್ಟಿಗಳಲ್ಲಿ ಮಾತ್ರ ಉಳಿದಿತ್ತಂತೆ. ಆ ಬೆಟ್ಟದ ಹೆಸರಿನದೇ ಒಂದು ಹೆಂಡವೂ ಇದೆಯಂತೆ. ಮೀನಿಗೂ ಅದೇ ಹೆಸರು. ಆರಾಧ್ಯರು ಮನೆಯಲ್ಲಿ ಲಿಂಗಪೂಜೆ ಮಾಡುವವರು, ಹೆಂಡದ ಹೆಸರು ಬಾಯಲ್ಲಿ ಬರಬಾರದು. ಗಂಡುಮೀನಿನ ಬಾಲಕ್ಕೆ ಸೀರೆಯಂಚಿನ ಹಾಗೆ ಕಿತ್ತಳೆ ಬಣ್ಣದ ಪಟ್ಟಿ ಇದ್ದದ್ದರಿಂದ ಅಂಚುಮೀನು ಅಂತ ತಾವೇ ಹೆಸರಿಟ್ಟರು. ಊರಲ್ಲಿ ಬೇರೆ ಯಾರ ಹತ್ತಿರವೂ ಆ ಮೀನಿರಲಿಲ್ಲ. ಅದು ತಮ್ಮ ಹತ್ತಿರ ಇಲ್ಲವಲ್ಲ ಅನ್ನುವುದು ಅಧ್ಯಕ್ಷರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

ಮೇಷ್ಟ್ರು ತೀರಿಕೊಂಡರು. ತಿಂಗಳು ಕಳೆದ ಮೇಲೆ ಅವರ ಹೆಂಡತಿ ರೆಜಿನಮ್ಮ ಒಂದು ಹಾಲಿನ ಕ್ಯಾನು ಹಿಡಿದು ಬಂದರು. ಕ್ಯಾನಿನ ತುಂಬ ಮೀನು. ನನ್ನ ಅಂಚಿನ ಮೇಲೆ ಅದನ್ನು ಇಳಿಸಿ ಮಂಡಿ ನೀವಿಕೊಂಡರು.

"ಆಸ್ಪತ್ರೇಲೂ ಇವುಗಳನ್ನೇ ಕೇಳ್ತಿದ್ರು ಆರಾಧ್ಯರೇ. ನನಗೆ ಮಂಡಿ ನೋವು, ನೀರು ಹೊರೋಕಾಗಲ್ಲ. ಎಲ್ಲಾ ತಂದಿದೀನಿ, ಒಂದೂ ಇಟ್ಕೊಂಡಿಲ್ಲ. ನಿಮ್ಮ ಕೈಲಿ ಇವು ಉಳಿದ್ರೆ ಅವರು ಉಳಿದ ಹಾಗೆ."

"ನಾನಿದೀನಲ್ಲಮ್ಮ, ಯೋಚನೆ ಯಾಕೆ?"

"ನೀರು ಬಿಸಿ ಆಗಬಾರದು. ಪಾಚಿ ಇರಲಿ, ತಿನ್ತವೆ. ಆಮೇಲೆ ಮರಿ ಹಾಕಿದಾಗ ಒಂದು..."

"ಗೊತ್ತಮ್ಮ, ಗೊತ್ತು. ಈ ಕೈಲಿ ಎಷ್ಟು ಮೀನಿನ ಮರಿ ಸಾಕಿಲ್ಲ ನಾನು? ಗಿರಿಜಾ, ಇವರಿಗೆ ಕಾಫಿ ಕೊಡು."

ಆಕೆ ಹೇಳುವುದನ್ನು ಅಲ್ಲಿಗೇ ನುಂಗಿ, ಕಾಫಿ ಕುಡಿದು, ಖಾಲಿ ಕ್ಯಾನು ಹಿಡಿದು ಹೋದರು. ಹೆಂಗಸು ಒಂದು ಮಾತು ಮುಗಿಸುವ ತನಕ ಸುಮ್ಮನಿರಲು ಈ ದೊಡ್ಡ ಮನುಷ್ಯರಿಗೆ ಏನಾಗಿತ್ತು ಅಂತ ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ನಡುಮನೆಯಲ್ಲಿ ಹೊಸ ಗಾಜಿನ ತೊಟ್ಟಿ ಬಂತು. ನೀಲಿ ದೀಪ, ಗುಳುಗುಳು ಅನ್ನುವ ಪಂಪು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ. ಪರದೇಶದ ಮೀನು, ಚಳಿಯಾಗಬಾರದು ಅಂತ ನೀರು ಕಾಯಿಸುವ ಹೀಟರು ಬೇರೆ. ತಣ್ಣೀರಿನ ಮೀನಿಗೆ ಬಾಣಂತಿಯ ಉಪಚಾರ! ಪಾಚಿ ಒಂದು ಚೂರು ಕಂಡರೆ ಆರಾಧ್ಯರು ಬ್ಲೇಡು ಹಿಡಿದು ಕೆರೆಯುತ್ತಿದ್ದರು. ಗಾಜಿನ ತೊಟ್ಟಿಯೂ ಒಂದು ತೊಟ್ಟಿಯೇ? ಅದಕ್ಕೊಂದು ಮರ್ಯಾದೆ ಇಲ್ಲ, ಒಳಗಿರುವವರ ಮಾನವನ್ನೆಲ್ಲ ಬೀದಿಗೆ ಇಡುತ್ತದೆ. ಮೀನುಗಳು ಬಣ್ಣಗೆಟ್ಟು ಮೂಲೆ ಹಿಡಿದವು. ಇಕ್ಕಟ್ಟಿನಲ್ಲಿ ಗಂಡುಗಳು ಹೆಣ್ಣುಗಳನ್ನು ಅಟ್ಟಿ ಅಟ್ಟಿ ಕಚ್ಚುತ್ತಿದ್ದವು.

ಒಂದು ಭಾನುವಾರ ಸಭೆಗೆ ಮುಂಚೆ ಅಧ್ಯಕ್ಷರು ತೊಟ್ಟಿಯಲ್ಲಿ ಅಂದಗೆಟ್ಟವನ್ನು ಆರಿಸಿ ತೆಗೆದರು. ರೆಕ್ಕೆ ಹರಿದ ಒಂದು ಹೆಣ್ಣು, ಅಂಚಿನ ಬಣ್ಣ ಮಾಸಿದ ಒಂದು ಮುದಿ ಗಂಡು. ಬಲೆಯಲ್ಲಿ ಹಿಡಿದು ತಂದು ನನ್ನೊಳಗೆ ಬಿಸಾಡಿದರು. "ಹೋಗ್ರಿ, ಸೊಳ್ಳೆ ಮರಿ ತಿನ್ಕೊಂಡಿರಿ. ನಿಮ್ಮ ಯೋಗ್ಯತೆಗೆ ಅಷ್ಟೇ."

ನನಗೂ ಮೀನೆಂದರೆ ಅಷ್ಟಕ್ಕಷ್ಟೆ. ಹಸುವಿಗಿರುವ ಗಾಂಭೀರ್ಯ ಮೀನಿಗೆ ಎಲ್ಲಿಂದ ಬರಬೇಕು? ಆದರೆ ಇವೆರಡೂ ನನ್ನ ತಳದ ನೆರಳಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನನ್ನ ಪಾಚಿಯನ್ನು ಕೆರೆದು ಕೆರೆದು ತಿನ್ನತೊಡಗಿದವು. ಕೆಂಪನಂಜಮ್ಮ ಕಾಪಾಡಿದ್ದ ಜಾತಿಯ ಪಾಚಿ. ತಿಂದುಕೊಳ್ಳಲಿ ಬಿಡು ಅಂದುಕೊಂಡೆ.

ಕೆಲವು ವಾರ ಕಳೆದ ಮೇಲೆ ಒಳಗಿನ ಗಾಜಿನ ತೊಟ್ಟಿಯಲ್ಲಿ ಒಂದು ಹೆಣ್ಣು ಮರಿ ಹಾಕಿತು. ಆರಾಧ್ಯರು ಹಿಗ್ಗಿ ಹೀರೇಕಾಯಿಯಾದರು. ಆ ಹಿಗ್ಗು ಒಂದು ಲೋಟ ಕಾಫಿ ಕುಡಿಯುವ ತನಕವೂ ಉಳಿಯಲಿಲ್ಲ.

"ಗಿರಿಜಾ, ಬಾರೇ ಇಲ್ಲಿ. ಮರಿಗಳ ಹೊಟ್ಟೆಯಿಂದ ಹುಳ ಜೋತಾಡ್ತಿದೆ ನೋಡು."

ನಿಜ, ಪ್ರತಿ ಮರಿಯ ಹೊಟ್ಟೆಯ ಕೆಳಗೂ ಬಿಳೀ ಎಳೆಗಳು ನೇತಾಡುತ್ತಿದ್ದವು. ಹುಳವೇ ಅಂತ ಆರಾಧ್ಯರು ತೀರ್ಮಾನಿಸಿದರು. ರೆಜಿನಮ್ಮನ ಮನೆ ಮೂರು ಬೀದಿಯಾಚೆ, ಫೋನು ಕೈಯಲ್ಲೇ ಇತ್ತು. ಕೇಳಿದರೆ ಅಧ್ಯಕ್ಷಗಿರಿ ಸವೆದುಹೋಗುತ್ತಿತ್ತೇನೋ. ಅಂಗಡಿಗೆ ಓಡಿ ಹುಳದ ಔಷಧಿ ತಂದು ಸುರಿದರು. ಸಾಲದು ಅಂತ ಇನ್ನಷ್ಟು ಸುರಿದರು, ಹೀಟರು ಇನ್ನೂ ಏರಿಸಿದರು. ನೀರು ಮಜ್ಜಿಗೆಯ ಹಾಗಾಯಿತು. ಮೊದಲು ಮರಿಗಳು ಸತ್ತವು. ಆಮೇಲೆ ಒಂದೊಂದಾಗಿ ದೊಡ್ಡವು. ಗಿರಿಜಾಂಬ ಅವನ್ನು ಕಾಗದದಲ್ಲಿ ಸುತ್ತಿ ದಾಸವಾಳದ ಬುಡದಲ್ಲಿ ಹೂಳುತ್ತಿದ್ದರು.

ಮೀನು ಸಾಯುವುದು ಹೊಸದೇನಲ್ಲ. ಅಧ್ಯಕ್ಷರು ಆಮೇಲೆ ಮಾಡಿದ್ದು ಕೇಳಿ. ಮುಂದಿನ ಸಭೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು, "ಸತ್ತವರ ಬಗ್ಗೆ ಮಾತಾಡಬಾರದು. ಆದರೆ ಇನ್ನಾಸಪ್ಪನವರ ಮೀನಿಗೆ ಮೊದಲಿಂದಲೂ ಹುಳದ ರೋಗ ಇತ್ತು. ಪಾಪ, ಅವರಿಗೆ ಗೊತ್ತಾಗಿಲ್ಲ" ಅಂದರು. ಮಾತಾಡಬಾರದು ಅಂತ ಹೇಳಿಕೊಂಡೇ ಮಾತಾಡಿದರು. ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ತಲೆ ಆಡಿಸಿದರು. ಮಾತು ಸಭೆಯಿಂದ ಬೀದಿಗೆ, ಬೀದಿಯಿಂದ ಚರ್ಚಿನ ಗೇಟಿಗೆ ಹೋಯಿತು. ರೆಜಿನಮ್ಮನಿಗೆ ತಲುಪಿತು. ಆಕೆ ಒಂದು ಮಾತೂ ಕೇಳಲು ಬರಲಿಲ್ಲ. ಮೇಷ್ಟ್ರ ಹಳೇ ತೊಟ್ಟಿಗಳನ್ನೆಲ್ಲ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಗುಜರಿಯವನಿಗೆ ಕೊಟ್ಟರಂತೆ. ಗಿರಿಜಾಂಬ ತರಕಾರಿ ಗಾಡಿಯ ಹತ್ತಿರ ಕೇಳಿಕೊಂಡು ಬಂದು ಗಂಡನಿಗೆ ಹೇಳಿದರು. "ಹೌದಾ" ಅಂದು ಆರಾಧ್ಯರು ಪೇಪರು ತಿರುಗಿಸಿದರು. ನನ್ನ ಕಲ್ಲುಮೈ ಉರಿದುಹೋಯಿತು.

ನನ್ನೊಳಗೆ ಬಿಸಾಡಿದ್ದ ಆ ಎರಡನ್ನು ಎಲ್ಲರೂ ಮರೆತಿದ್ದರು. ಊಟ ಹಾಕುವವರಿಲ್ಲ, ಔಷಧಿ ಹಾಕುವವರಿಲ್ಲ. ಬದುಕಿದ್ದೇ ಅದರಿಂದ. ಹೆಣ್ಣಿನ ಹರಿದ ರೆಕ್ಕೆ ಕೂಡಿಕೊಂಡಿತ್ತು. ಮುದಿಯನ ಅಂಚಿಗೆ ಕಿತ್ತಳೆ ಬಣ್ಣ ಮರಳಿತ್ತು, ಅಣ್ಣಾವ್ರು ಸಿನಿಮಾದಲ್ಲಿ ಮೀಸೆ ತಿರುವುವ ಠೀವಿಯಲ್ಲಿ ಈಗ ಓಡಾಡುತ್ತಿತ್ತು. ಒಂದು ಭಾನುವಾರ ಬೆಳಗ್ಗೆ ಹೆಣ್ಣು ಮರಿ ಹಾಕಿತು.

ಆರಾಧ್ಯರು ಅವತ್ತೇ ಹಲ್ಲುಜ್ಜುತ್ತ ನನ್ನೊಳಗೆ ಬಗ್ಗಬೇಕೇ! ಬಾಯಿಂದ ಬ್ರಷ್ಷು ಬಿತ್ತು. ಮರಿಗಳು. ಅಂಚುಮೀನಿನ ಮರಿಗಳು. ಆಮೇಲೆ ಅವುಗಳ ಹೊಟ್ಟೆಯ ಕೆಳಗಿನ ಎಳೆಗಳೂ ಕಂಡವು.

"ಅಯ್ಯೋ, ಇವಕ್ಕೂ ಹುಳ!"

ಒಳಗೆ ಓಡಿದರು. ಔಷಧಿ ಬಾಟಲಿ ಅಲುಗಾಡಿಸಿದರು. ಖಾಲಿ. ಸ್ಕೂಟರ್ ಹತ್ತಿ ಹೋಗಿ ಬಂದರು. ಭಾನುವಾರ, ಅಂಗಡಿಗೆ ಬಾಗಿಲು. ಹೀಗೆ ಆ ಮೀನಿನ ವಂಶ ಉಳಿದದ್ದು ಯಾರ ಬುದ್ಧಿಯಿಂದಲೂ ಅಲ್ಲ, ಒಬ್ಬ ಅಂಗಡಿಯವನ ವಾರದ ರಜೆಯಿಂದ. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಸೋಮವಾರ ಔಷಧಿ ಸಿಕ್ಕಿತು. ಬಾಟಲಿಯ ಮುಚ್ಚಳ ತೆಗೆದು, ಎಷ್ಟು ಸುರಿಯಬೇಕು ಅಂತ ನೋಡಲು ಅಪರೂಪಕ್ಕೆ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. ಹಾಗೆ ನನ್ನೊಳಗೂ ನೋಡಿದರು. ಮರಿಗಳು ಚುರುಕಾಗಿ ಪಾಚಿ ಕೆರೆಯುತ್ತಿದ್ದವು. ಎಳೆಗಳು ಹೆಚ್ಚಿನವಕ್ಕೆ ಇರಲೇ ಇಲ್ಲ. ಒಂದು ಮರಿಗೆ ಮಾತ್ರ ಚೂರು ಉಳಿದಿತ್ತು. ಅದು ಅವರ ಕಣ್ಣೆದುರೇ ಕಳಚಿ ತೇಲಿಹೋಯಿತು, ಮರಿ ತಿರುಗಿಯೂ ನೋಡದೆ ಈಜಿಕೊಂಡು ಹೋಯಿತು. ಆರಾಧ್ಯರು ಬಹಳ ಹೊತ್ತು ಬಗ್ಗಿಯೇ ಇದ್ದರು. ಬಾಟಲಿಗೆ ಮುಚ್ಚಳ ಹಾಕಿದರು. ದಾಸವಾಳದ ಬುಡದ ಕಡೆ ಒಂದು ಸಲ ನೋಡಿದರು. ಅರ್ಥವಾಯಿತು ಅವರಿಗೆ, ಆಗದೆ ಏನು.

ಈಗ ರೆಜಿನಮ್ಮನ ಮನೆಗೆ ಓಡಿಹೋಗುತ್ತಾರೆ ಅಂದುಕೊಂಡಿರಾ? ಪಾಪ, ನೀವು ಮನುಷ್ಯರನ್ನು ಬಲು ಒಳ್ಳೆಯವರು ಅಂದುಕೊಂಡಿದ್ದೀರಿ. ಕಾಫಿ ಕುಡಿದು ಮುಗಿಸುವುದರೊಳಗೆ ಆರಾಧ್ಯರಿಗೆ ಗಂಟಲು ಮರಳಿ ಬಂದಿತ್ತು. "ಕಲ್ಲುಬಾನಿ ನೀರಿನ ಗುಣ ಗಿರಿಜಾ, ಕಲ್ಲಿನ ಸತ್ವ ಹುಳಾನ ಹೊಡೆದುಹಾಕಿದೆ. ಇದು ನನ್ನದೇ ಪ್ರಯೋಗ."

"ರೆಜಿನಮ್ಮಂಗೆ ಹೇಳಲ್ವಾ?" ಅಂದರು ಗಿರಿಜಾಂಬ.

"ಹೇಳೋಣ, ಹೇಳೋಣ."

ಎರಡು ತಿಂಗಳು ಆ ಹೇಳೋಣದಲ್ಲೇ ಕಳೆಯಿತು. ಹೆಣ್ಣಿನ ಹೊಟ್ಟೆ ಮತ್ತೆ ದುಂಡಗಾಯಿತು. ಅದು ಮರಿ ಹಾಕಿದ ಭಾನುವಾರ ಬೆಳಗ್ಗೆಯೇ ಅಧ್ಯಕ್ಷರು ಸಂಘದವರನ್ನೆಲ್ಲ ಕರೆಸಿದರು, ಕಲ್ಲುಬಾನಿಯಲ್ಲಿ ಹುಳ ಉದುರುವ ತಮ್ಮ ಪ್ರಯೋಗ ತೋರಿಸಲು. ತಟ್ಟೆ ಹಿಡಿದ ಗಂಡಸರೆಲ್ಲ ನನ್ನ ಸುತ್ತ ನಿಂತರು. ಗಂಡನಿಗೆ ಗೊತ್ತಿಲ್ಲದ ಹಾಗೆ ಗಿರಿಜಾಂಬ ಇನ್ನೊಬ್ಬರನ್ನೂ ಕರೆಸಿದ್ದರು. ಆರಾಧ್ಯರು ಕಲ್ಲಿನ ಸತ್ವದ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದಾಗ ರೆಜಿನಮ್ಮ ಪೂಜೆ ಮುಗಿಸಿ ಚರ್ಚಿನಿಂದ ನೇರ ಬಂದು ಗೇಟು ತೆಗೆದರು. ತಲೆಯ ಮೇಲಿನ ಸೆರಗು ಹಾಗೇ ಇತ್ತು.

ಯಾರೋ ಒಬ್ಬರು ನನ್ನೊಳಗೆ ಬೆರಳು ತೋರಿಸಿ, "ಆರಾಧ್ಯರೇ, ಇವಕ್ಕೂ ಹುಳ ಹಿಡಿದಿದೆಯಲ್ರೀ" ಅಂದರು.

ರೆಜಿನಮ್ಮ ನನ್ನ ಚಕ್ಕೆಯೆದ್ದ ಮೂಲೆಯ ಮೇಲೆ ಕೈ ಊರಿ ಬಗ್ಗಿ ನೋಡಿದರು. ಆ ಕೈಗೆ ಬ್ಲೀಚಿಂಗ್ ಪುಡಿಯಿಂದ ಸುಲಿದ ಗುರುತು ಇನ್ನೂ ಇತ್ತು.

"ಹುಳ ಅಲ್ಲ" ಅಂದರು. "ಮರಿ ಹಾಕಿದಾಗ ಒಂದು ದಾರ ಇರತ್ತೆ. ತಾಯಿ ಹೊಟ್ಟೇಲಿದ್ದಾಗ ಇದರಲ್ಲೇ ಊಟ ತಗೊಳೋದು, ನಮ್ಮ ಮಕ್ಕಳ ಹೊಕ್ಕುಳ ಬಳ್ಳಿ ಥರ. ಎರಡು ದಿನಕ್ಕೆ ತಾನೇ ಬಿದ್ದೋಗತ್ತೆ. ಏನೂ ಮಾಡಬಾರದು." ಮೂಲೆಯಿಂದ ಕೈ ತೆಗೆದರು. "ಅವತ್ತು ಇದನ್ನೇ ಹೇಳೋಕೆ ಬಂದಿದ್ದೆ. ಅರ್ಧಕ್ಕೇ ನಿಂತೋಯ್ತು."

ರೆಜಿನಮ್ಮ ನಿಧಾನವಾಗಿ ತಲೆಯೆತ್ತಿದರು.

"ಆರಾಧ್ಯರೇ, ಮೇಷ್ಟ್ರ ಮೀನಲ್ಲಿ ನೀವು ನೋಡಿದ ಹುಳ ಇದೇನಾ?"

ಅಧ್ಯಕ್ಷರು ಸಂಘದವರ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಗಿರಿಜಾಂಬ ಕಣ್ಣು ತಪ್ಪಿಸಲಿಲ್ಲ.

"ಇದೇ ಅಮ್ಮ" ಅಂದರು ಅಧ್ಯಕ್ಷರು. ಜೀವಮಾನದಲ್ಲಿ ಅವರಾಡಿದ ಅತಿ ಚಿಕ್ಕ ಮಾತು.

"ನಮ್ಮ ಮನೆಯಿಂದ ರೋಗ ಕೊಟ್ಟೆ ಅಂದ್ಕೊಂಡಿದ್ದೆ ನಾನು. ಇಷ್ಟು ವರ್ಷ ಸಾಕಿದವರಿಗೆ ರೋಗ ಯಾವುದು ಅಂತ ಗೊತ್ತಾಗಲಿಲ್ವಾ ಅಂತ ಮೇಷ್ಟ್ರ ಫೋಟೋ ಮುಂದೆ ನಿಂತು ಬೈದೆ. ಸತ್ತವರಿಗೆ ಬೈದೆ, ಆರಾಧ್ಯರೇ." ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೇರೇನೂ ಬೈಯಲಿಲ್ಲ. ಬೈದಿದ್ದರೆ ಆ ಗಂಡಸಿಗೆ ಎಷ್ಟೋ ಹಗುರಾಗುತ್ತಿತ್ತು.

"ಈ ಬಾನಿ ನಂಗೆ ಬೇಕು" ಅಂದರು ಆಮೇಲೆ. "ಒಳಗಿರೋದೆಲ್ಲ ಸೇರಿಸಿ."

"ತಗೊಂಡೋಗಿ ಅಮ್ಮ. ಆದರೆ ನಿಮ್ಮ ಮಂಡಿ... ನೀರು ಯಾರು ಹೊರ್ತಾರೆ?"

ರೆಜಿನಮ್ಮ ಅವರನ್ನೇ ನೋಡುತ್ತಿದ್ದರು. ಗಿರಿಜಾಂಬ ಕೂಡ ಗಂಡನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಅಧ್ಯಕ್ಷರು, "ನಾನು ಹೊರ್ತೀನಿ" ಅಂದರು.

ರೆಜಿನಮ್ಮನ ಮನೆಯಿಂದ ಅದೇ ಹಾಲಿನ ಕ್ಯಾನು ತರಿಸಿ ಮೀನನ್ನೆಲ್ಲ ಅದಕ್ಕೆ ತುಂಬಿ, ನನ್ನನ್ನು ಸಂಘದವರೇ ಹೊತ್ತು ಲಗೇಜ್ ಆಟೋಗೆ ಏರಿಸಿದರು. ಕೇಸರಿಬಾತು ತಿಂದ ಕೈಗಳು, ಒಬ್ಬರಿಗೂ ಸರಿಯಾಗಿ ಪಟ್ಟು ಹಾಕಲು ಬಾರದು. ಎರಡು ಸಲ ಕೈ ಬಿಟ್ಟರು. ನನಗೆ ಏನೂ ಆಗಲಿಲ್ಲ, ಒಬ್ಬರ ಕಾಲಿಗೆ ಸ್ವಲ್ಪ ಆಯಿತು. ನನಗೆ ಬೇಸರವಿಲ್ಲ.

ಈಗ ರೆಜಿನಮ್ಮನ ಹಿತ್ತಲಿನ ನುಗ್ಗೆಮರದ ಕೆಳಗಿದ್ದೇನೆ. ಇನ್ನು ಎಲ್ಲಿಗೂ ಹೋಗುವವನಲ್ಲ. ನನ್ನೊಳಗೆ ಅಂಚುಮೀನು ಕಿಕ್ಕಿರಿದಿವೆ. ಮುದಿ ಗಂಡು ಹೋದ ಚಳಿಗಾಲದಲ್ಲಿ ಸತ್ತಿತು, ಮಕ್ಕಳು ಮೊಮ್ಮಕ್ಕಳ ನಡುವೆ. ಹಸುವಿಗೆ ಸಮ ಅಂತ ಹೇಳಲಾರೆ, ಆದರೂ ಇವು ಉಗಿಯುವುದಿಲ್ಲ, ಭಾಷಣ ಮಾಡುವುದಿಲ್ಲ. ಅಷ್ಟು ಸಾಕು. ಹಳೇ ತೊಟ್ಟಿಗಳು ಗುಜರಿಯಿಂದ ವಾಪಸು ಬರಲಿಲ್ಲ. ಅವುಗಳ ಜಾಗದಲ್ಲಿ ಮೇಷ್ಟ್ರ ಹಳೇ ಕುರ್ಚಿಯೊಂದಿದೆ. ರೆಜಿನಮ್ಮ ಸಂಜೆ ಅದರಲ್ಲಿ ಕೂತು ನನ್ನೊಳಗೆ ನೋಡುತ್ತಾರೆ. ಒಂದೊಂದು ಸಲ ಮೇಷ್ಟ್ರ ಜೊತೆ ಮಾತಾಡುತ್ತಾರೆ. ಅದನ್ನು ನಾನು ನಿಮಗೆ ಹೇಳುವುದಿಲ್ಲ.

ಭಾನುವಾರ ಆರಾಧ್ಯರು ಬರುತ್ತಾರೆ. ಹಿಂದಿನ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು ನನಗೆ ಸುರಿಯುತ್ತಾರೆ. ಪಂಚೆ ಒದ್ದೆ, ಏದುಸಿರು, ಕನ್ನಡಕ ಮೂಗಿನ ಮೇಲೆ. ನನ್ನ ತಾತ್ಸಾರವೇನೂ ಕರಗಿಲ್ಲ, ಕಲ್ಲು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ನೀರು ಹೊತ್ತು ಮುಗಿದ ಮೇಲೆ ಅವರು ನಿಂತೇ ಇರುತ್ತಾರೆ, ಕೇಳಲು ನಾಲಗೆ ಏಳದೆ. ಹೋದ ವಾರ ಕೇಳಿಬಿಟ್ಟರು.

"ಅಮ್ಮ, ಒಂದು ಜೋಡಿ ಕೊಡ್ತೀರಾ?"

ರೆಜಿನಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿದರು. "ಕೊಡೋಣ. ಮೊದಲು ಕೇಳಿಸ್ಕೊಳಿ" ಅಂದು ಶುರು ಮಾಡಿದರು. ನೀರು ಬಿಸಿ ಆಗಬಾರದು. ಪಾಚಿ ಇರಲಿ. ಮರಿ ಹಾಕಿದಾಗ ಒಂದು... ಅಲ್ಲಿಗೆ ಬಂದು, ಬೇಕಂತಲೇ, ನಿಲ್ಲಿಸಿದರು. ನನ್ನೊಳಗೆ ಬಿದ್ದಿದ್ದ ನುಗ್ಗೆಯ ಎಲೆಯೊಂದನ್ನು ನಿಧಾನವಾಗಿ ತೆಗೆದು ಬಿಸಾಡಿದರು.

ಆರಾಧ್ಯರ ತುಟಿ ಒಂದು ಸಲ ಅಲುಗಿತು. ಆಮೇಲೆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಆಕೆ ಮಾತು ಮುಗಿಸುವ ತನಕ ಕಾದು ಕೂತರು.